ಟಿಟ್ಟಿಭದ ಕೂಗು ಮಾತೇ?

ವಿಜಯಪುರ ಜಿಲ್ಲೆಯ ಸಾರವಾಡದ ಸುತ್ತಲಿನ ಡೋಣಿ ನದಿಯ ದಂಡೆಯ ಎರೆ ಹೊಲಗಳಲ್ಲಿ ಟಿಟ್ಟಿಭ ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಹೆಂಟೆ, ಹರಳುಗಳ ನಡುವೆ ಆ ಮಣ್ಣುಬಣ್ಣದ ಮೊಟ್ಟೆಗಳು ಕಣ್ಣಿಗೆ ಬೀಳುವುದೇ ಕಷ್ಟ. ನಾಯಿಯೋ ಮನುಷ್ಯನೋ ಹತ್ತಿರ ಸುಳಿದರೆ ಹಕ್ಕಿ ನೆತ್ತಿಯ ಮೇಲೆ ಸುತ್ತುತ್ತ ಅರಚತೊಡಗುತ್ತದೆ. ಕೂಗು ಕೇಳಿದ ಮರಿಗಳು ನೆಲಕ್ಕಂಟಿ ಅಲುಗದೆ ಕೂರುತ್ತವೆ, ಬಂದವನು ಬೇಸತ್ತು ದಾರಿ ಬದಲಿಸುತ್ತಾನೆ. ಇಲ್ಲಿ ಹಕ್ಕಿ ಏನನ್ನಾದರೂ ಹೇಳುತ್ತಿದೆಯೇ, ಇಲ್ಲವೇ ಅದರ ಹೆದರಿಕೆ ತಾನಾಗಿ ದನಿಯಾಗುತ್ತಿದೆಯೇ?

ಜನಪದದ ಉತ್ತರ ಶಕುನ. ಬುಡಬುಡಿಕೆಯವರು ಹಾಲಕ್ಕಿಯ ನುಡಿ ತಿಳಿದು ಮನೆಯವರ ಭವಿಷ್ಯ ಹೇಳುತ್ತಾರೆ. ಹಕ್ಕಿಗೆ ಮಾತುಂಟು ಎಂದು ಇದು ಒಪ್ಪಿಕೊಳ್ಳುತ್ತದೆ, ನಿಜ. ಆದರೆ ಆ ಮಾತೆಲ್ಲ ಮನುಷ್ಯನ ಮದುವೆ, ಕೇಡು, ಲಾಭಗಳದ್ದೇ. ಹಕ್ಕಿಗೆ ತನ್ನದೇ ಸಂಸಾರವಿದೆ ಎಂಬುದು ಶಕುನದ ಲೆಕ್ಕಕ್ಕೆ ಬರುವುದಿಲ್ಲ.

ಸುಮಾರು 5ನೆಯ ಶತಮಾನದ ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಬೇರೆ ದಾರಿ ಹಿಡಿಯುತ್ತಾನೆ. ವಸಂತದಲ್ಲಿ ಗಂಡು ಕೋಗಿಲೆಯ ದನಿ ಬದಲಿಸುವವರು ಯಾರು, ಗೂಡು ಕಟ್ಟುವುದನ್ನು ಜೀವಿಗಳಿಗೆ ಕಲಿಸಿದವರು ಯಾರು ಎಂದು ಕೇಳಿ, ಅದಕ್ಕೆಲ್ಲ ಕಾರಣ ‘ಪ್ರತಿಭೆ’ ಎನ್ನುತ್ತಾನೆ. ಹೇಳಿಕೊಡದೆ ಹೊಳೆಯುವ ಈ ಅರಿವಿಗೂ ಮೂಲ ಶಬ್ದವೇ ಎಂಬುದು ಅವನ ನಿಲುವು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲೇ ಪಶುವನ್ನು ತರುತ್ತಾರೆ: ಕೋಲೆತ್ತಿ ಬರುವವನನ್ನು ಕಂಡರೆ ಅದು ಓಡುತ್ತದೆ, ಕೈಯಲ್ಲಿ ಹಸಿ ಹುಲ್ಲಿದ್ದರೆ ಹತ್ತಿರ ಬರುತ್ತದೆ. ಕತ್ತಿ ಹಿರಿದವನೆದುರು ಪಂಡಿತನ ನಡವಳಿಕೆಯೂ ಇದೇ. ಪಶುವನ್ನು ಮೇಲೇರಿಸುವುದಲ್ಲ, ನಿತ್ಯವ್ಯವಹಾರದಲ್ಲಿ ಮನುಷ್ಯನೂ ಅವಿದ್ಯೆಯೊಳಗೇ ಇದ್ದಾನೆ ಎಂದು ತೋರಿಸುವುದು ಅವರ ಉದ್ದೇಶ. ಆದರೂ ಪ್ರಾಣಿಯ ಮನಸ್ಸನ್ನು ಅದರ ನಡವಳಿಕೆಯಿಂದಲೇ ಊಹಿಸುವ ಕ್ರಮ ಅಲ್ಲಿ ಸಿಗುತ್ತದೆ.

ಆಧುನಿಕ ಸಂಶೋಧಕರ ಕ್ರಮವೂ ಅದೇ. ಕೀನ್ಯಾದ ಅಂಬೊಸೆಲಿಯಲ್ಲಿ ವರ್ವೆಟ್ ಕೋತಿಗಳ ಕೂಗುಗಳನ್ನು ಮುದ್ರಿಸಿ ಅವಕ್ಕೇ ಕೇಳಿಸಿದ ಪ್ರಯೋಗದ ವರದಿ 1980ರಲ್ಲಿ ಪ್ರಕಟವಾಯಿತು. ಚಿರತೆಯ ಎಚ್ಚರಿಕೆ ಕೇಳಿದವು ಮರವೇರಿದವು, ಹದ್ದಿನದಕ್ಕೆ ಮೇಲೆ ನೋಡಿದವು, ಹಾವಿನದಕ್ಕೆ ನೆಲ ನೋಡಿದವು. ಕೇಳುವವರಿಗೆ ಕೂಗಿನಲ್ಲಿ ಅರ್ಥವಿದೆಯೆಂಬುದು ಇದರಿಂದ ಸಿದ್ಧವಾಯಿತು. ಕೂಗಿದ ಕೋತಿಗೆ ತಿಳಿಸುವ ಇಚ್ಛೆ ಇತ್ತೇ ಎಂಬ ಪ್ರಶ್ನೆಯನ್ನು ಮಾತ್ರ ಧ್ವನಿವರ್ಧಕ ತೀರ್ಮಾನಿಸಲಾರದು. ಟಿಟ್ಟಿಭದ ಮರಿಗಳ ವಿಷಯದಲ್ಲೂ ಇಷ್ಟನ್ನೇ ಹೇಳಬಹುದು.

ಕೇಳುವವರ ಕಡೆಗೇ ಗಮನ ಕೊಡುವ ಇನ್ನೊಂದು ನೋಟ ಜೈನರದು. ಜೈನ ದರ್ಶನ ಜೀವಿಗಳನ್ನು ವಿಂಗಡಿಸುವುದು ಇಂದ್ರಿಯಗಳ ಎಣಿಕೆಯಿಂದ. ಐದು ಇಂದ್ರಿಯಗಳ ಪ್ರಾಣಿಗಳಲ್ಲಿ ಮನಸ್ಸುಳ್ಳವು ‘ಸಂಜ್ಞಿ’. ಅವು ಉಪದೇಶವನ್ನೂ ಗ್ರಹಿಸಬಲ್ಲವು. ತೀರ್ಥಂಕರ ಪಾರ್ಶ್ವನಾಥನ ಕಥೆಯಲ್ಲಿ ಉರಿಯುವ ಕೊರಡಿನೊಳಗೆ ಬೆಂದ ಹಾವುಗಳು ಸಾಯುವಾಗ ಮಂತ್ರ ಕೇಳಿ ಧರಣೇಂದ್ರ–ಪದ್ಮಾವತಿ ಎಂಬ ಯಕ್ಷ–ಯಕ್ಷಿಯರಾಗಿ ಹುಟ್ಟುತ್ತವೆ. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಮೂರ್ತಿಯ ತಲೆಯ ಮೇಲಿನ ಹೆಡೆಗಳಿಗೂ ಧರಣೇಂದ್ರನ ಕಥೆಯೇ ಹಿನ್ನೆಲೆ. ಹಾವು ಮಾತಾಡಬಲ್ಲದೇ ಎಂದು ಆ ಕಥೆ ಕೇಳುವುದಿಲ್ಲ, ಅದು ಕೇಳಿಸಿಕೊಂಡದ್ದೇ ಅಲ್ಲಿ ಸಾಕಾಗುತ್ತದೆ.