ಬಾಲದ ಮೇಲಿನ ನಂಬರು

ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿ ನನ್ನ ದೊಡ್ಡಪ್ಪನ ಮನೆ ಇದೆ. ಆ ಮನೆಯ ನಡುಮನೆಯಲ್ಲಿ, ದೇವರ ಪಟಗಳ ಸಾಲಿನ ಕೊನೆಗೆ ಒಂದು ವಿಮಾನದ ಫೋಟೋ ತೂಗುತ್ತಿದೆ. ಅದನ್ನು ತೆಗೆದವನು ನಾನು. ಕಟ್ಟು ಹಾಕಿಸಿ ಕೊಟ್ಟವನೂ ನಾನೇ. ಅದರ ಕೆಳಗೆ ಅಂಟಿಸಿದ ಚೀಟಿಯಲ್ಲಿ ಒಂದು ಸುಳ್ಳು ಬರೆದವನೂ ನಾನೇ. ಬರೆಯುವಾಗ ಅದು ಸುಳ್ಳೆಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾಲ್ಕೂವರೆ ವರ್ಷ ಸುಮ್ಮನಿದ್ದೆ. ನಾನು ಹೇಳಹೊರಟಿರುವುದು ಆ ಸುಮ್ಮನಿದ್ದುದರ ಬಗ್ಗೆ.

ದೊಡ್ಡಪ್ಪ ಅರವತ್ತರ ದಶಕದಲ್ಲಿ ಸೈನ್ಯದಲ್ಲಿದ್ದವರು. ಬಂದೂಕು ಹಿಡಿದು ಕಾದಿದವರಲ್ಲ. ಈಶಾನ್ಯದ ಗಡಿಠಾಣ್ಯಗಳಿಗೆ ವಿಮಾನದಿಂದ ಅಕ್ಕಿ, ಬೇಳೆ, ಉಪ್ಪು ಬೀಳಿಸುವ ಸರಬರಾಜು ತುಕಡಿಯವರು. ರಸ್ತೆಯೇ ಇಲ್ಲದ ಆ ಬೆಟ್ಟಗಳಲ್ಲಿ ಡಕೋಟ ವಿಮಾನವೇ ಎತ್ತಿನ ಗಾಡಿ. ಬಾಗಿಲು ಕಳಚಿದ ವಿಮಾನದ ಅಂಚಿನಲ್ಲಿ ನಿಂತು, ಸೂಚನೆ ಬಂದೊಡನೆ ಮೂಟೆ ತಳ್ಳಬೇಕು. ಮೂಟೆಯ ಜೊತೆಗೆ ತಾನೂ ಹೋಗದಂತೆ ನೋಡಿಕೊಳ್ಳುವುದೇ ಅಲ್ಲಿಯ ದೊಡ್ಡ ವಿದ್ಯೆ ಎಂದು ಅವರು ನಗುತ್ತಾ ಹೇಳುವುದುಂಟು.

2019ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕೆ ವಾಯುಪಡೆಯ ಹಳೆಯ ಡಕೋಟ ಬರುತ್ತದೆಂದು ಓದಿದೆ. ಮೊಣಕಾಲು ನೋವಿನ ದೊಡ್ಡಪ್ಪ ಬರುವ ಹಾಗಿರಲಿಲ್ಲ. ಅವರ ಪರವಾಗಿ ಕ್ಯಾಮೆರಾ ಹೊತ್ತು ಹುಣಸೂರಿನಿಂದ ನಾನು ಹೋದೆ. ಕಿವಿ ಗಡಚಿಕ್ಕುವ ಜೆಟ್ ವಿಮಾನಗಳ ನಡುವೆ, ಇಳಿಬಿಸಿಲಿನಲ್ಲಿ, ಅದು ಅವಸರವಿಲ್ಲದೆ ಬಂತು. ರೆಕ್ಕೆಗೊಂದರಂತೆ ಹದಿನಾಲ್ಕು ಸಿಲಿಂಡರಿನ ಎರಡು ಇಂಜಿನ್ನುಗಳು. ಅವುಗಳ ಸದ್ದಿನಲ್ಲಿ ಬೆದರಿಸುವಂಥದೇನೂ ಇರಲಿಲ್ಲ. ಮೊದಲು ಸೆಕೆಂಡಿನ ಎರಡು ಸಾವಿರದ ಒಂದು ಭಾಗದ ವೇಗದಲ್ಲಿ ತೆಗೆದೆ. ಚಿತ್ರ ಕತ್ತರಿಸಿಟ್ಟಷ್ಟು ಸ್ಪಷ್ಟ. ಆದರೆ ಪಂಖಗಳು ಮಾತ್ರ ನಿಂತೇ ಹೋದಂತೆ ಕಂಡವು. ಆಮೇಲೆ ವೇಗವನ್ನು ನೂರಿಪ್ಪತ್ತೈದರ ಒಂದು ಭಾಗಕ್ಕೆ ಇಳಿಸಿ, ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆದೆ. ಮುಕ್ಕಾಲು ಪಾಲು ಕೆಟ್ಟವು. ಉಳಿದ ಒಂದರಲ್ಲಿ ವಿಮಾನ ತುಸು ಅಲುಗಿತ್ತು, ಪಂಖಗಳು ಮಾತ್ರ ಮಂಜಿನ ಬಿಲ್ಲೆಗಳ ಹಾಗೆ ತಿರುಗುತ್ತಿದ್ದವು.

ಕೆ.ಆರ್. ನಗರದ ಗೆಳೆಯನ ಸ್ಟುಡಿಯೋದಲ್ಲಿ ಎರಡನ್ನೂ ಪ್ರಿಂಟು ಹಾಕಿಸಿ ದೊಡ್ಡಪ್ಪನ ಮುಂದಿಟ್ಟೆ. ಅವರು ಸ್ಪಷ್ಟವಾಗಿದ್ದುದನ್ನು ಪಕ್ಕಕ್ಕೆ ಸರಿಸಿದರು. "ಇದು ಬೇಡ. ಇದರಲ್ಲಿ ಪಂಖ ನಿಂತಿದೆ. ಹಂಗೆ ನಿಂತಿದ್ರೆ ನಾನು ಇಲ್ಲಿ ಕೂತಿರ್ತಿರಲಿಲ್ಲ" ಎಂದರು. ಅಲುಗಿದ್ದನ್ನೇ ಆರಿಸಿಕೊಂಡರು.

ಆ ಚಿತ್ರದಲ್ಲಿ ಬಾಲದ ಮೇಲಿನ ನಂಬರು ಓದಲು ಬರುತ್ತಿತ್ತು: ವಿಪಿ 905. ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಸೈನಿಕರನ್ನು 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಒಯ್ದ ಮೊದಲ ಡಕೋಟದ ನಂಬರು ಅದೇ ಎಂದು ಎಲ್ಲೋ ಓದಿದ್ದೆ. ಹಿಂದೆಮುಂದೆ ನೋಡದೆ ಚೀಟಿ ಬರೆದೆ: "1947ರಲ್ಲಿ ಮೊದಲು ಕಾಶ್ಮೀರಕ್ಕೆ ಹೋದ ವಿಮಾನ." ದೊಡ್ಡಪ್ಪ ಕೇಳಿದರು: "ಅದೇನಾ ಇದು?" "ಅದೇ" ಎಂದೆ.

ಅದು ಅದಲ್ಲ. ಕೆಲವೇ ತಿಂಗಳಲ್ಲಿ ವಿಷಯ ತಿಳಿಯಿತು. ಡಕೋಟ ಪೈಲಟ್ ಆಗಿದ್ದ ಏರ್ ಕಮೊಡೋರ್ ಎಂ.ಕೆ. ಚಂದ್ರಶೇಖರ್ ಅವರ ಮಗ, ಸಂಸದ ರಾಜೀವ್ ಚಂದ್ರಶೇಖರ್, ಗುಜರಿಗೆ ಬಿದ್ದಿದ್ದ ಬೇರೊಂದು ಡಕೋಟವನ್ನು ಕೊಂಡು, ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟಿದ್ದರು. 2018ರಲ್ಲಿ ಸೇರಿದ ಆ ವಿಮಾನಕ್ಕೆ ಹಳೆಯದರ ನಂಬರನ್ನು ಗೌರವಕ್ಕಾಗಿ ಬರೆಸಿದ್ದರು.

ತಪ್ಪನ್ನು ಹೇಳಲು ಹೊರಟವನಿಗೆ ನೆವಗಳು ಸಾಲುಗಟ್ಟಿ ನಿಲ್ಲುತ್ತವೆ. ಕೆ.ಆರ್. ನಗರದ ಗೆಳೆಯ, "ಮುದುಕರು ಸಂತೋಷವಾಗಿದ್ದಾರೆ, ಬಿಡು" ಎಂದ. ನಾನೂ ಒಂದು ತರ್ಕ ಹೂಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಮೈಸೂರು ಸಂಸ್ಥಾನದ ಬಂಡವಾಳವೂ ಇದ್ದ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಇಂಥ ವಿಮಾನಗಳನ್ನು ಬಿಚ್ಚಿ ಕಟ್ಟುತ್ತಿದ್ದರು. ಇಂಜಿನ್ ಬದಲು, ತಗಡು ಬದಲು. ನಿಜವಾದ 905 ಉಳಿದಿದ್ದರೂ ಅದರಲ್ಲಿ 1947ರ ಮೊಳೆ ಎಷ್ಟಿರುತ್ತಿತ್ತು? ಹಾಗಿರುವಾಗ 'ಅದೇ' ಎಂದರೆ ಏನು, 'ಬೇರೆ' ಎಂದರೆ ಏನು? ತರ್ಕ ಚೆನ್ನಾಗಿಯೇ ಇತ್ತು. ಆದರೆ ನಾನು ಅದನ್ನು ಹೂಡಿದ್ದು ತಿಳಿಯುವುದಕ್ಕಲ್ಲ, ತಪ್ಪಿಸಿಕೊಳ್ಳುವುದಕ್ಕೆ.

2024ರ ಜನವರಿಯಲ್ಲಿ ಹಳ್ಳಿಗೆ ಹೋಗಿದ್ದೆ. ಎಚ್.ಡಿ. ಕೋಟೆಯ ಬಳ್ಳೆ ಶಿಬಿರದ ಅರ್ಜುನ, ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತ ಆನೆ, ಹಿಂದಿನ ತಿಂಗಳಷ್ಟೇ ಸಕಲೇಶಪುರದ ಕಡೆ ಕಾಡಾನೆಯೊಡನೆ ಕಾದಾಡಿ ಸತ್ತಿತ್ತು. ದೊಡ್ಡಪ್ಪ ಅದೇ ಮಾತಾಡುತ್ತಿದ್ದರು. "ಬಲರಾಮ ಹೊತ್ತ, ಆಮೇಲೆ ಅರ್ಜುನ, ಈಗ ಅಭಿಮನ್ಯು. ಅಂಬಾರಿ ಒಂದೇ. ಆದರೆ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಹೊರಟಾಗ ಅಭಿಮನ್ಯುವನ್ನ ಯಾರಾದ್ರೂ ಅರ್ಜುನ ಅಂತ ಕರೀತಾರಾ?"

ಪಕ್ಕದಲ್ಲಿ ಅವರ ಮೊಮ್ಮಗ ಗಣರಾಜ್ಯೋತ್ಸವದ ಭಾಷಣಕ್ಕೆಂದು ನನ್ನ ಚೀಟಿಯನ್ನು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ. ಇನ್ನು ಸುಮ್ಮನಿರಲಾಗಲಿಲ್ಲ. ಹೇಳಿದೆ.

ದೊಡ್ಡಪ್ಪ ಬಹಳ ಹೊತ್ತು ಫೋಟೋ ನೋಡಿದರು. "ಯಾವಾಗ ಗೊತ್ತಾಯ್ತು?"

"ಆ ವರ್ಷವೇ."

"ಮತ್ತೆ?"

"ನಿಮಗೆ ಬೇಜಾರಾಗುತ್ತೆ ಅಂತ..."

"ನನಗೆ ಬೇಜಾರಾಗುತ್ತೆ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆಯಾ? ಬಂದವರಿಗೆಲ್ಲ ನಾನು ಹೇಳಿದೀನಲ್ಲೋ. ಡೈರಿ ಹತ್ತಿರ ಹೇಳಿದೀನಿ, ಬೀಗರಿಗೆ ಹೇಳಿದೀನಿ. ಅಷ್ಟೂ ಸುಳ್ಳು ನನ್ನ ಬಾಯಲ್ಲಿ ಆಡಿಸಿದೆ."

ಇದು ನನಗೆ ಹೊಳೆದೇ ಇರಲಿಲ್ಲ. ಅವರ ಸಂತೋಷವನ್ನು ಕಾಪಾಡುತ್ತಿದ್ದೇನೆಂದು ತಿಳಿದಿದ್ದೆ. ಕಾಪಾಡಿದ್ದು ನನ್ನ ಮುಖವನ್ನು. ತೆರೆದ ಬಾಗಿಲಲ್ಲಿ ನಿಂತು ಕೆಳಗಿನ ಕಣಿವೆ ನೋಡಿದ್ದ ಮನುಷ್ಯ ಒಂದು ನಂಬರಿನ ನಿಜವನ್ನು ತಡೆದುಕೊಳ್ಳಲಾರನೆಂದು ಲೆಕ್ಕ ಹಾಕಿದ್ದೆ. ಕರುಣೆಯಿಂದ ನಿಜವನ್ನು ಮುಚ್ಚುವಾಗ ನಾವು ಎದುರಿನವರನ್ನು ಒಂದು ಅಳತೆ ಸಣ್ಣವರನ್ನಾಗಿ ಮಾಡಿರುತ್ತೇವೆ. ಅದು ಅವರಿಗೆ ತಿಳಿಯದಿದ್ದರೂ ಮಾಡಿದ್ದು ಮಾಡಿದಂತೆಯೇ.

ವಾಯುಪಡೆಯವರು ಸುಳ್ಳು ಹೇಳಿರಲಿಲ್ಲ. ನಂಬರು ಹಳೆಯದಾದರೂ ಆ ವಿಮಾನಕ್ಕೆ ಅದರದೇ ಹೆಸರು ಕೊಟ್ಟಿದ್ದರು: ಪರಶುರಾಮ. ಬಿಟ್ಟುಬಿಟ್ಟವನು ನಾನು. ತಾತನ ಹೆಸರನ್ನು ಮೊಮ್ಮಗನಿಗಿಡುವುದು ಮೋಸವಲ್ಲ; ಮೊಮ್ಮಗನನ್ನು ತೋರಿಸಿ ತಾತನೆನ್ನುವುದು ಮೋಸ.

ದೊಡ್ಡಪ್ಪ ಫೋಟೋವನ್ನು ಕೆಳಗಿಳಿಸಲಿಲ್ಲ. ಹೊಸ ಚೀಟಿಯನ್ನು ಅವರು ಹೇಳಿದಂತೆ ಮೊಮ್ಮಗ ಬರೆದ: "ಪರಶುರಾಮ. 1947ರಲ್ಲಿ ಶ್ರೀನಗರಕ್ಕೆ ಹೋದ ವಿಮಾನದ ನಂಬರನ್ನು ಹೊತ್ತಿದೆ." ಅಂಟು ಒಣಗುವ ತನಕ ನಾನೇ ಹಿಡಿದುಕೊಂಡು ನಿಂತಿದ್ದೆ. ದೊಡ್ಡಪ್ಪ ಚಪ್ಪಲಿ ಮೆಟ್ಟಿ ಡೈರಿ ಕಡೆ ಹೊರಟರು.