ಸಂಶಯಕ್ಕೂ ಒಂದು ಆಸನ

2024ರ ಸೆಪ್ಟೆಂಬರ್ ಮೊದಲ ವಾರದ ಒಂದು ರಾತ್ರಿ ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಗೆ ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆ ಬಂದಿಳಿಯಿತು. ಪ್ಯಾರಾಚೂಟ್‌ಗಳು ಸರಿಯಾಗಿ ಬಿಚ್ಚಿಕೊಂಡವು, ತಳದ ಗಾಳಿಚೀಲಗಳು ಉಬ್ಬಿದವು, ನೌಕೆ ಮೆತ್ತಗೆ ನೆಲ ಮುಟ್ಟಿತು. ಒಳಗೆ ಮಾತ್ರ ಯಾರೂ ಇರಲಿಲ್ಲ. ಜೂನ್ 5ರಂದು ಅದರಲ್ಲಿ ಹೊರಟಿದ್ದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಇನ್ನೂ ಮೇಲೆ, ಬಾಹ್ಯಾಕಾಶ ನಿಲ್ದಾಣದಲ್ಲೇ ಇದ್ದರು. ಎಂಟು ದಿನಗಳ ಲೆಕ್ಕದಲ್ಲಿ ಹೋದವರು ಮರಳಿದ್ದು 286 ದಿನಗಳ ಮೇಲೆ, 2025ರ ಮಾರ್ಚ್ 18ರಂದು, ಬೇರೊಂದು ಕಂಪನಿಯ ಡ್ರ್ಯಾಗನ್ ನೌಕೆಯಲ್ಲಿ.

ನಡೆದದ್ದಿಷ್ಟು. ನಿಲ್ದಾಣವನ್ನು ಸಮೀಪಿಸುವಾಗ ಸ್ಟಾರ್‌ಲೈನರ್‌ನ ದಿಕ್ಕು ತಿದ್ದುವ 28 ಥ್ರಸ್ಟರ್‌ಗಳಲ್ಲಿ ಐದು ಕೈಕೊಟ್ಟವು. ನಾಲ್ಕು ಮತ್ತೆ ಚೇತರಿಸಿಕೊಂಡವು. ಜೊತೆಗೆ ಹೀಲಿಯಂ ಸೋರುತ್ತಿತ್ತು. ವಾರಗಟ್ಟಲೆ ಪರೀಕ್ಷೆ, ಚರ್ಚೆಗಳಾದ ಮೇಲೆ ಆಗಸ್ಟ್ 24ರಂದು ನಾಸಾ, ನೌಕೆಯನ್ನು ಖಾಲಿಯಾಗಿಯೇ ಕರೆಸಿಕೊಳ್ಳುವ ತೀರ್ಮಾನ ಪ್ರಕಟಿಸಿತು. ಎರಡು ವಾರಗಳ ಬಳಿಕ ಅದು ಕ್ಷೇಮವಾಗಿ ಇಳಿದಾಗ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಹಾಗಾದರೆ ಅವರಿಬ್ಬರೂ ಅದರಲ್ಲೇ ಬರಬಹುದಿತ್ತಲ್ಲ? ನಿರ್ಧಾರ ತಪ್ಪಾಯಿತಲ್ಲವೆ?

ಮನುಷ್ಯರನ್ನು ಹೊತ್ತ ವ್ಯೋಮನೌಕೆಗಳ ಚರಿತ್ರೆಯ ದುಃಖವೆಲ್ಲ ಈ ಪ್ರಶ್ನೆಯೊಳಗೇ ಅಡಗಿದೆ ಎಂದು ನನಗನ್ನಿಸುತ್ತದೆ. ಬ್ರೇಕ್ ಸಡಿಲವಾದ ಬಸ್ಸೊಂದು ಮಳೆಗಾಲದ ರಾತ್ರಿ ಶಿರಾಡಿ ಘಾಟಿ ಇಳಿದು ಬೆಳಗ್ಗೆ ಮಂಗಳೂರು ಸೇರಿತೆನ್ನಿ. ಪ್ರಯಾಣಿಕರು ಬದುಕಿದರು ಎನ್ನಲು ಅದು ಸಾಕ್ಷಿ. ಬ್ರೇಕ್ ಸರಿಯಿತ್ತು ಎನ್ನಲು ಸಾಕ್ಷಿಯಲ್ಲ. ಒಂದು ನಿರ್ಧಾರವನ್ನು ಅಳೆಯಬೇಕಾದದ್ದು ಆ ಹೊತ್ತಿಗೆ ಗೊತ್ತಿದ್ದ ಸಂಗತಿಗಳಿಂದ. ಆಮೇಲೆ ಒದಗಿ ಬಂದ ಫಲದಿಂದ ಅಳೆದರೆ ಅದೃಷ್ಟವನ್ನೇ ವಿವೇಕವೆಂದು ಕರೆಯುವ ಅಭ್ಯಾಸ ಬೆಳೆಯುತ್ತದೆ. ಆ ಅಭ್ಯಾಸ ಎಷ್ಟು ಜೀವಗಳನ್ನು ತಿಂದಿದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ.

1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರುವ ಮುನ್ನ ಅಮೆರಿಕದ ಸ್ಪೇಸ್ ಶಟಲ್‌ಗಳು 24 ಸಲ ಹೋಗಿ ಬಂದಿದ್ದವು. ಬೂಸ್ಟರ್ ರಾಕೆಟ್‌ನ ಭಾಗಗಳು ಕೂಡುವಲ್ಲಿ ಬಿಸಿ ಅನಿಲ ಹೊರನುಗ್ಗದಂತೆ ತಡೆಯಲು ರಬ್ಬರಿನ ಒ-ರಿಂಗ್‌ಗಳಿದ್ದವು. 1981ರ ಎರಡನೆಯ ಹಾರಾಟದಲ್ಲೇ ಅವು ಸವೆದದ್ದು ಕಂಡಿತ್ತು. ಆ ಸವೆತ ಮತ್ತೆ ಮತ್ತೆ ಕಂಡಿತು, ನೌಕೆ ಮತ್ತೆ ಮತ್ತೆ ಮರಳಿತು. ಪ್ರತಿ ಮರಳುವಿಕೆಯೂ ಆ ದೋಷವನ್ನು ಇನ್ನಷ್ಟು ಪರಿಚಿತವಾಗಿಸಿತು. ಮನೆಯ ಗೋಡೆಯ ಬಿರುಕಿಗೆ ಕಣ್ಣು ಒಗ್ಗಿಹೋಗುವಂತೆ ಸಂಸ್ಥೆಯ ಕಣ್ಣು ಇದಕ್ಕೆ ಒಗ್ಗಿತು. ದೋಷವು ಹೀಗೆ ವಾಡಿಕೆಯಾಗಿಬಿಡುವುದನ್ನೇ ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ ಮುಂದೆ ಚಾಲೆಂಜರ್ ಕುರಿತ ತಮ್ಮ ಅಧ್ಯಯನದಲ್ಲಿ ಎತ್ತಿ ತೋರಿಸಿದರು.

ಉಡಾವಣೆಯ ಹಿಂದಿನ ರಾತ್ರಿ, ಬೂಸ್ಟರ್ ತಯಾರಿಸಿದ ಮಾರ್ಟನ್ ಥಯೊಕೋಲ್ ಕಂಪನಿಯ ಎಂಜಿನಿಯರುಗಳು ಫೋನಿನ ಸಭೆಯಲ್ಲಿ ಬೇಡವೆಂದರು. ಚಳಿಗೆ ರಬ್ಬರ್ ಸೆಡೆತುಕೊಳ್ಳುತ್ತದೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಹಾರಿಸಬಾರದು ಎಂದರು. ಹಾರುವ ಹೊತ್ತಿಗೆ ಅಲ್ಲಿದ್ದದ್ದು ಸುಮಾರು 2 ಡಿಗ್ರಿ. ಅವರಲ್ಲೊಬ್ಬರಾದ ರೋಜರ್ ಬೊಯ್‌ಜೋಲಿ ತಮ್ಮಲ್ಲಿದ್ದ ಚಿತ್ರಗಳನ್ನೆಲ್ಲ ಮೇಜಿನ ಮೇಲಿಟ್ಟು ವಾದಿಸಿದರು. ಆದರೆ ಸಭೆಯ ನಡುವೆ ಎಲ್ಲೋ ಪ್ರಶ್ನೆ ತಲೆಕೆಳಗಾಯಿತು. ಹಾರಿಸಬೇಕೆನ್ನುವವರು ‘ಇದು ಸುರಕ್ಷಿತ’ ಎಂದು ತೋರಿಸಬೇಕಿತ್ತು. ಅದರ ಬದಲು ಬೇಡವೆನ್ನುವವರು ‘ಇದು ಖಂಡಿತ ಒಡೆಯುತ್ತದೆ’ ಎಂದು ಸಾಬೀತುಪಡಿಸಬೇಕಾಯಿತು. ಅವರ ಬಳಿ ಆತಂಕವಿತ್ತು, ಆ ಆತಂಕಕ್ಕೆ ಆಧಾರವಿತ್ತು. ಖಚಿತ ಪುರಾವೆ ಇರಲಿಲ್ಲ. ಪುರಾವೆ ಮರುದಿನ, ಹಾರಿದ 73ನೆಯ ಸೆಕೆಂಡಿನಲ್ಲಿ ಸಿಕ್ಕಿತು. ಏಳು ಜನ ತೀರಿಕೊಂಡರು.

ಹದಿನೇಳು ವರ್ಷಗಳ ನಂತರ ಅದೇ ಕಥೆ ಬೇರೆ ವೇಷದಲ್ಲಿ ಬಂತು. 2003ರ ಜನವರಿ 16ರಂದು ಕೊಲಂಬಿಯಾ ಶಟಲ್ ಮೇಲೇರುವಾಗ ಇಂಧನ ಟ್ಯಾಂಕಿನಿಂದ ಕಳಚಿದ ನೊರೆತುಂಡೊಂದು ಎಡರೆಕ್ಕೆಯ ಅಂಚಿಗೆ ಬಡಿಯಿತು. ನೊರೆ ಕಳಚುವುದು ಹೊಸದಲ್ಲ, ಆದ್ದರಿಂದ ದೊಡ್ಡದೂ ಅಲ್ಲ ಎಂಬ ಭಾವನೆ ಬೇರೂರಿತ್ತು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರುಗಳು ಕೇಳಿಕೊಂಡರು. ಕೋರಿಕೆ ಮುಂದೆ ಹೋಗಲಿಲ್ಲ. ಅಪಾಯವಿದೆ ಎಂದು ಸಾಬೀತಾದರೆ ಚಿತ್ರ ತೆಗೆಸಬಹುದು, ಚಿತ್ರವಿಲ್ಲದೆ ಅಪಾಯ ಸಾಬೀತಾಗದು. ಫೆಬ್ರುವರಿ 1ರಂದು ವಾತಾವರಣಕ್ಕೆ ಮರಳುವಾಗ ಕಲ್ಪನಾ ಚಾವ್ಲಾ ಸೇರಿ ಏಳು ಜನರನ್ನು ಕಳೆದುಕೊಂಡೆವು. ತನಿಖಾ ಮಂಡಳಿಯೂ ಇದನ್ನೇ ಗುರುತಿಸಿತು: ಸುರಕ್ಷಿತವೆಂದು ಸಾಬೀತುಪಡಿಸುವ ಹೊಣೆ ಮಾಯವಾಗಿ, ಅಸುರಕ್ಷಿತವೆಂದು ಸಾಬೀತುಪಡಿಸುವ ಹೊಣೆ ಎಂಜಿನಿಯರುಗಳ ತಲೆಗೆ ಬಂದಿತ್ತು.

ಸಾಬೀತಿನ ಹೊಣೆ ಯಾರದು? ವ್ಯೋಮನೌಕೆಯ ಸುರಕ್ಷತೆಯ ತಿರುಳು ಈ ಒಂದೇ ಪ್ರಶ್ನೆಯಲ್ಲಿದೆ ಎಂಬುದು ನನ್ನ ವಾದ. ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲಬೇಕು, ಅದು ನಾಗರಿಕತೆಯ ಲಕ್ಷಣ. ಉಡಾವಣೆಯ ಸಭೆಯಲ್ಲಿ ಸಂಶಯದ ಲಾಭ ಯಂತ್ರಕ್ಕೆ ಸಲ್ಲಬಾರದು, ಒಳಗೆ ಕೂರುವ ಮನುಷ್ಯರಿಗೆ ಸಲ್ಲಬೇಕು. ಸ್ಟಾರ್‌ಲೈನರ್ ವಿಷಯದಲ್ಲಿ ಕೊನೆಗೆ ಆದದ್ದು ಇದೇ. ಥ್ರಸ್ಟರ್‌ಗಳು ಹಿಂದಿರುಗುವಾಗ ಹೇಗೆ ವರ್ತಿಸುತ್ತವೆ ಎಂದು ನಂಬಿಕೆ ಬರುವಷ್ಟು ಹೇಳಲಾಗದಿದ್ದಾಗ, ಆ ಹೇಳಲಾಗದಿರುವಿಕೆಯನ್ನೇ ಕಾರಣವೆಂದು ಒಪ್ಪಿಕೊಂಡರು.

ಸಂಶಯವನ್ನು ಲೋಹದಲ್ಲೂ ಎರಕ ಹೊಯ್ಯಬಹುದು. ಸೋಯುಜ್ ರಾಕೆಟ್‌ನ ನೆತ್ತಿಯ ಮೇಲಿನ ಪಾರುಗೋಪುರ ಅಂಥದ್ದು. ಕೆಳಗಿನ ರಾಕೆಟ್ ಕೆಟ್ಟರೆ ಮನುಷ್ಯರಿರುವ ಭಾಗವನ್ನು ಕಿತ್ತುಕೊಂಡು ದೂರ ಹಾರುವುದಷ್ಟೇ ಅದರ ಕೆಲಸ. 1983ರ ಸೆಪ್ಟೆಂಬರ್‌ನಲ್ಲಿ ಬೈಕನೂರಿನ ಉಡಾವಣಾ ವೇದಿಕೆಯಲ್ಲೇ ರಾಕೆಟ್ ಹೊತ್ತಿ ಉರಿದಾಗ ಸೋವಿಯತ್ ಗಗನಯಾನಿಗಳಾದ ಟಿಟೋವ್ ಮತ್ತು ಸ್ಟ್ರೆಕಲೋವ್ ಬದುಕಿದ್ದು ಆ ಗೋಪುರದಿಂದ. 2018ರ ಅಕ್ಟೋಬರ್‌ನಲ್ಲಿ ಮೇಲೇರುತ್ತಿದ್ದ ಸೋಯುಜ್ ರಾಕೆಟ್ ಮುರಿದಾಗಲೂ ಒಳಗಿದ್ದ ಇಬ್ಬರು ಪಾರಾಗುವ ವ್ಯವಸ್ಥೆಯಿಂದಾಗಿ ನೆಲಕ್ಕೆ ಜೀವಂತ ಬಂದರು. ಸ್ಪೇಸ್ ಶಟಲ್‌ಗೆ ಅಂಥ ಗೋಪುರವೇ ಇರಲಿಲ್ಲ. ಮೊದಲ ನಾಲ್ಕು ಪರೀಕ್ಷಾ ಹಾರಾಟಗಳಲ್ಲಿ ಇಬ್ಬರಿಗೆ ಎಜೆಕ್ಷನ್ ಸೀಟುಗಳಿದ್ದವು. 1982ರಲ್ಲಿ ‘ಪರೀಕ್ಷೆ ಮುಗಿಯಿತು’ ಎಂದು ಸಾರಿ, ಹೆಚ್ಚು ಜನರನ್ನು ಕೂರಿಸಿದಾಗ ಆ ಸೀಟುಗಳನ್ನು ಕೆಲಸ ಮಾಡದಂತೆ ಮಾಡಲಾಯಿತು. ಜೀವಹಾನಿಯ ಸಂಭವ ಲಕ್ಷಕ್ಕೊಂದು ಎಂದು ಆಡಳಿತದವರು, ಸುಮಾರು ನೂರಕ್ಕೊಂದು ಎಂದು ಎಂಜಿನಿಯರುಗಳು ಭಾವಿಸಿದ್ದನ್ನು ಚಾಲೆಂಜರ್ ತನಿಖೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ದಾಖಲಿಸಿದರು. ಕೊನೆಗೆ 135 ಹಾರಾಟಗಳಲ್ಲಿ ಎರಡು ನೌಕೆ, 14 ಜೀವಗಳು ಹೋದವು.

ನನ್ನನ್ನು ಹೆಚ್ಚು ಕಾಡುವುದು 1971ರ ಸೋಯುಜ್-11. ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣವಾದ ಸಲ್ಯೂಟ್-1ರಲ್ಲಿ ಮೂರು ವಾರಗಳಿಗೂ ಹೆಚ್ಚು ಕಾಲ ಇದ್ದ ಡೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್ ಮರಳುತ್ತಿದ್ದರು. ನೌಕೆಯ ಭಾಗಗಳು ಬೇರ್ಪಡುವಾಗ ಒಂದು ಕವಾಟ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಹೊರಟುಹೋಯಿತು. ಮೂವರನ್ನು ಹಿಡಿಸಲೆಂದು ಒತ್ತಡದ ಉಡುಪುಗಳನ್ನು ಬಿಟ್ಟಿದ್ದರು. ನೌಕೆ ತನ್ನಷ್ಟಕ್ಕೆ ತಾನೇ ಸರಿಯಾಗಿ ಇಳಿಯಿತು. ಬಾಗಿಲು ತೆರೆದವರಿಗೆ ಕಂಡದ್ದು ಕುಳಿತಲ್ಲೇ ಪ್ರಾಣಬಿಟ್ಟ ಮೂವರು. ಆಮೇಲೆ ಸೋವಿಯತ್ ವಿನ್ಯಾಸಕಾರರು ಒತ್ತಡದ ಉಡುಪನ್ನು ಕಡ್ಡಾಯ ಮಾಡಿದರು. ಉಡುಪಿಗೂ ಅದರ ಸಲಕರಣೆಗೂ ಜಾಗ ಬೇಕಿತ್ತು. ಸೋಯುಜ್ ಹಲವು ವರ್ಷ ಇಬ್ಬರನ್ನಷ್ಟೇ ಹೊತ್ತಿತು. ಮೂರನೆಯ ಆಸನವನ್ನು ಅವರು ಸಂಶಯಕ್ಕೆ ಬಿಟ್ಟುಕೊಟ್ಟಿದ್ದರು. ಆ ಬುದ್ಧಿ ಮೂರು ಸಾವುಗಳಿಗಿಂತ ಮೊದಲೇ ಬರಬೇಕಿತ್ತು.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಸಂಶಯಕ್ಕೆ ಕೊನೆಯೆಲ್ಲಿ? ಎಲ್ಲವನ್ನೂ ಶಂಕಿಸುತ್ತ ಕುಳಿತರೆ ಯಾವ ನೌಕೆಯೂ ನೆಲ ಬಿಡದು. ಅಪಾಯ ಗೊತ್ತಿದ್ದೇ ಗಗನಯಾನಿಗಳು ಒಪ್ಪಿ ಹೋಗುತ್ತಾರಲ್ಲ? ಒಪ್ಪಿಗೆಯ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಒಪ್ಪಿಗೆಗೆ ತಿಳಿವಳಿಕೆ ಬೇಕು. ಆ ರಾತ್ರಿಯ ಫೋನ್ ಸಭೆಯ ವಿಷಯ ಚಾಲೆಂಜರ್‌ನಲ್ಲಿ ಕೂರಲಿದ್ದವರಿಗೆ ತಿಳಿದಿರಲಿಲ್ಲ. ಅವರಲ್ಲಿ ಶಾಲೆಯ ಮೇಡಂ ಕ್ರಿಸ್ಟಾ ಮೆಕಾಲಿಫ್ ಕೂಡ ಇದ್ದರು. ಬಾಹ್ಯಾಕಾಶವೆಂಬ ಅಪಾಯಕ್ಕೆ ಅವರು ಒಪ್ಪಿದ್ದರು, ಮುಚ್ಚಿಟ್ಟ ಎಚ್ಚರಿಕೆಗೆ ಒಪ್ಪಿರಲಿಲ್ಲ.

ಮತ್ತೊಂದು ಆಕ್ಷೇಪ ಇನ್ನೂ ಸೂಕ್ಷ್ಮ. ರಕ್ಷಣೆಯ ಉಪಕರಣವೇ ಅಪಾಯ ತರಬಲ್ಲದು. 2019ರ ಏಪ್ರಿಲ್‌ನಲ್ಲಿ ನೆಲದ ಮೇಲಿನ ಪರೀಕ್ಷೆಯಲ್ಲಿ ಡ್ರ್ಯಾಗನ್ ನೌಕೆಯೊಂದು ಸ್ಫೋಟಿಸಿ ಚೂರಾಯಿತು; ಕಾರಣ, ಆಪತ್ತಿನಲ್ಲಿ ಪಾರುಮಾಡಬೇಕಿದ್ದ ಎಂಜಿನ್‌ಗಳ ವ್ಯವಸ್ಥೆಯಲ್ಲೇ ಇದ್ದ ದೋಷ. ಹಾಗಾಗಿ ಸಂಶಯವೆಂದರೆ ಸಲಕರಣೆಗಳನ್ನು ಒಂದರ ಮೇಲೊಂದು ಪೇರಿಸುವುದೆಂದು ತಿಳಿಯಬಾರದು. ಬರೀ ಅಂಜಿಕೆಗೂ ಒಳ್ಳೆಯ ಸಂಶಯಕ್ಕೂ ವ್ಯತ್ಯಾಸವಿದೆ: ತನ್ನನ್ನು ಯಾವ ಪರೀಕ್ಷೆ ಬಗೆಹರಿಸಬಲ್ಲದು ಎಂದು ಒಳ್ಳೆಯ ಸಂಶಯ ಹೇಳುತ್ತದೆ. ಬೊಯ್‌ಜೋಲಿ ಉಷ್ಣತೆಯ ಮಿತಿ ಹೇಳಿದ್ದರು. ಕೊಲಂಬಿಯಾದ ಎಂಜಿನಿಯರುಗಳು ಒಂದು ಚಿತ್ರ ಕೇಳಿದ್ದರು. ಇಂಥ ಸಂಶಯ ಯಾನವನ್ನು ಎಂದೆಂದಿಗೂ ತಡೆಯುವುದಿಲ್ಲ. ಬಿಸಿಲೇರುವ ತನಕ, ಚಿತ್ರ ಬರುವ ತನಕ ಕಾಯಿರಿ ಎನ್ನುತ್ತದೆ, ಅಷ್ಟೆ.

ಮುಂದಿನ ನೌಕೆಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. 2022ರಲ್ಲಿ ಚಂದ್ರನನ್ನು ಸುತ್ತಿ ಖಾಲಿಯಾಗಿ ಮರಳಿದ ನಾಸಾದ ಒರಾಯನ್ ನೌಕೆಯ ಉಷ್ಣಕವಚದಲ್ಲಿ ನೂರಕ್ಕೂ ಹೆಚ್ಚು ಕಡೆ ಕರಿಕು ಎದ್ದುಹೋಗಿತ್ತು. ನೌಕೆ ಸುರಕ್ಷಿತವಾಗಿಯೇ ಬಂದಿತ್ತು. ಆದರೂ ಕಾರಣ ಹುಡುಕಲು ವರ್ಷಗಳನ್ನು ಕೊಟ್ಟರು. ಮನುಷ್ಯರನ್ನು ಕೂರಿಸುವ ಮೊದಲು ನೂರಾರು ಸಲ ಹಾರಿಸಿ ನಂಬಿಕೆ ಗಳಿಸುವೆವು ಎಂದು ತಯಾರಕರು ಹೇಳುವ ಸ್ಟಾರ್‌ಶಿಪ್ ನೌಕೆಗೆ ಪ್ರತ್ಯೇಕ ಪಾರುಗೋಪುರವಿಲ್ಲ. ವಿಮಾನಗಳು ನಂಬಿಕೆ ಗಳಿಸಿದ್ದೂ ಹೀಗೆಯೇ, ನಿಜ. ಆದರೆ ಹಾರಾಟಗಳನ್ನು ಎಣಿಸಿದರೆ ಸಾಲದು, ಪ್ರತಿ ಹಾರಾಟದಲ್ಲಿ ಕಂಡ ಬಿರುಕುಗಳನ್ನೂ ಎಣಿಸಬೇಕು. ಚಾಲೆಂಜರ್‌ಗೆ ಮುಂಚಿನ 24 ಹಾರಾಟಗಳು ಕಲಿಸಿದ್ದು ಅದನ್ನೇ. ಇನ್ನು ಮಂಗಳದ ದಾರಿಯಲ್ಲಿ ನಡುವೆ ಇಳಿದುಕೊಳ್ಳಲು ನಿಲ್ದಾಣವಿಲ್ಲ. ಅಲ್ಲಿ ಹುಟ್ಟಬಹುದಾದ ಸಂಶಯವನ್ನೆಲ್ಲ ಇಲ್ಲಿ, ನೆಲದ ಮೇಲೇ ಬಗೆಹರಿಸಬೇಕು.

ಈ ಚರ್ಚೆ ನಮ್ಮ ಮನೆಬಾಗಿಲಿಗೂ ಬಂದಿದೆ. ಗಗನಯಾನ ಯೋಜನೆಯನ್ನು ನಡೆಸುವ ಇಸ್ರೊದ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಗಗನಯಾನಿಗಳ ತರಬೇತಿಯ ಒಂದು ಭಾಗ ನಡೆದದ್ದೂ ಇಲ್ಲಿ. 2018ರಲ್ಲಿ ಘೋಷಿಸಿದಾಗ 2022ರೊಳಗೆ ಹಾರುವ ಗುರಿಯಿತ್ತು; ಅದು ಮುಂದೆ ಹೋಗುತ್ತ ಬಂತು. ‘ಮತ್ತೆ ವಿಳಂಬ’ ಎಂದು ಓದಿದಾಗ ನಮ್ಮ ಮುಖ ಸಣ್ಣದಾಗುತ್ತದೆ. ಸಂಶಯಪಡುವವರನ್ನು ಸಂಶಯ ಪಿಶಾಚಿ ಎಂದು ಬೈಯುವ ನಾಡು ನಮ್ಮದು. ಹಿರಿಯರಿಗೆ ಎದುರಾಡದಿರುವುದು ನಮ್ಮಲ್ಲಿ ಗುಣವೆನಿಸಿಕೊಳ್ಳುತ್ತದೆ. ಮನೆಯಲ್ಲಿ ಆ ಗುಣಕ್ಕೆ ಬೆಲೆಯಿರಬಹುದು. ಉಡಾವಣೆಯ ಸಭೆಯಲ್ಲಿ ಮಾತ್ರ, ಎಲ್ಲರಿಗಿಂತ ಕಿರಿಯ ಎಂಜಿನಿಯರ್ ಕೈಯೆತ್ತಿ ‘ಸರ್, ನನಗಿನ್ನೂ ಖಾತ್ರಿಯಿಲ್ಲ’ ಎಂದರೆ ಹಿರಿಯರು ಕಾಗದ ಕೆಳಗಿಟ್ಟು ಕೇಳುವಂತಿರಬೇಕು.

2023ರ ಅಕ್ಟೋಬರ್ 21ರ ಬೆಳಗ್ಗೆ ಶ್ರೀಹರಿಕೋಟಾದಲ್ಲಿ ಇಸ್ರೊ ಒಂದು ವಿಶೇಷ ರಾಕೆಟ್ ಸಿದ್ಧಪಡಿಸಿತ್ತು. ಕಕ್ಷೆ ಸೇರುವುದು ಅದರ ಗುರಿಯಾಗಿರಲಿಲ್ಲ. ನಡುದಾರಿಯಲ್ಲಿ ಆಪತ್ತು ಬಂದರೆ ಗಗನಯಾನಿಗಳ ಕೋಶ ಪಾರಾಗಬಲ್ಲದೆ ಎಂದು ನೋಡಲಷ್ಟೇ ಅದನ್ನು ಕಟ್ಟಿದ್ದರು. ಎಣಿಕೆ ಐದು ಸೆಕೆಂಡಿಗೆ ಬಂದಾಗ ಏನೋ ಸರಿಯಿಲ್ಲವೆಂದು ಕಂಪ್ಯೂಟರ್ ತಡೆಹಿಡಿಯಿತು. ವಿಜ್ಞಾನಿಗಳು ಕಾರಣ ಹುಡುಕಿ ಸರಿಪಡಿಸಿದರು. ಹತ್ತು ಗಂಟೆಗೆ ರಾಕೆಟ್ ಹಾರಿತು, ಕೋಶ ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ಮುಂದೊಂದು ದಿನ ರಾಕೆಟ್ಟಿನ ನೆತ್ತಿಯಲ್ಲಿ ನಮ್ಮವರು ಕುಳಿತಿರುತ್ತಾರೆ. ಅಂದೂ ಎಣಿಕೆ ಐದಕ್ಕೆ ನಿಲ್ಲಬಹುದು. ಆ ಸಲ ನಿಲ್ಲಿಸಿದ್ದು ಒಬ್ಬ ಮನುಷ್ಯನ ಸಂಶಯವೇ ಇರಬಹುದು. ಟಿವಿಯ ಮುಂದೆ ಕುಳಿತ ನಾವು ‘ಛೆ’ ಎನ್ನದೆ ಕಾಯುವುದನ್ನು ಕಲಿತಿದ್ದರೆ, ಆ ಕೈಯೆತ್ತಿದವರ ಧೈರ್ಯದಲ್ಲಿ ನಮ್ಮದೂ ಒಂದು ಪಾಲಿರುತ್ತದೆ.