ಮೆರವಣಿಗೆಯಲ್ಲಿ ಪರವೂರಿನವನು

ಕಾಸರಗೋಡಿನಿಂದ ಉದ್ಯೋಗಕ್ಕೆಂದು ಹೋದ ನಾನು ಕೆಲವು ವರ್ಷ ಅಕ್ಕಲಕೋಟೆ ತಾಲೂಕಿನ ಹನ್ನೂರಿನಲ್ಲಿದ್ದೆ. ಅಲ್ಲಿ ನನ್ನ ನೆರೆಯವರಿಗೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಒಂದು ಮಕರ ಸಂಕ್ರಾಂತಿಗೆ ಮನೆಯ ಯಜಮಾನರು ನನ್ನನ್ನು ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಕರೆದೊಯ್ದರು.

ಬಿಳಿಯ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜಗಳನ್ನು ಹೊತ್ತು ನಡೆದಿದ್ದರು. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಅವನು ತನ್ನ ಯೋಗದಂಡವನ್ನೇ ವರಿಸೆಂದನಂತೆ. ಆ ಮದುವೆಗೆ ಇಂದಿಗೂ ಜನ ಅಕ್ಷತೆ ಹಾಕುತ್ತಾರೆ. ನಾನು ದಾರಿಬದಿಯಲ್ಲೇ ನಿಂತೆ. ಹರಕೆಯಿಲ್ಲದವನು, ಊರವನಲ್ಲದವನು ಸಾಲಿಗೆ ಸೇರಿದರೆ ಅದು ನಟನೆಯಾಗದೇ?

“ಸರ, ಮದವಿಗೆ ಬಂದವ್ರು ಅಕ್ಕಿಕಾಳ ಹಾಕದ ಹೋಗ್ತಾರೇನ್ರಿ?” ಎಂದು ಯಜಮಾನರು ನನ್ನ ಕೈಗೆ ಅಕ್ಷತೆ ಸುರಿದರು.

ಮದುವೆಗೆ ಬಂದವರೆಲ್ಲ ಬಂಧುಗಳಲ್ಲ. ಆದರೆ ಅವರ ಹಾರೈಕೆ ಸುಳ್ಳಲ್ಲ. ನಂಬಿಕೆಯನ್ನು ನಟಿಸಬಾರದು, ನಿಜ. ಪರರ ಸಂತೋಷದಲ್ಲಿ ಸಂತೋಷಪಡಲು ನಟನೆ ಬೇಕಿಲ್ಲ. ನಾನೂ ನಡೆದೆ.

ಆ ರಾತ್ರಿ ನಮ್ಮೂರು ಕಾಡಿತು. ನೆರೆಯ ಮಲಯಾಳಿ ಮನೆಯವರು ಕಳಿಯಾಟಕ್ಕೆ ಹೊರೆಕಾಣಿಕೆ ಒಯ್ಯುವಾಗ ನಾನು ಒಮ್ಮೆಯೂ ಜಗಲಿ ಇಳಿದವನಲ್ಲ. 1956ರ ಗಡಿ ನಮ್ಮ ಹಿರಿಯರಲ್ಲಿ ಭಾಷೆಯ ಬಗ್ಗೆ ಹುಟ್ಟಿಸಿದ ಭಯ ಸುಳ್ಳಲ್ಲ. ಆದರೆ ಭಾಷೆ ಉಳಿಯುವುದು ಮನೆಯ ಮಾತಿನಿಂದ, ಶಾಲೆಯಿಂದ, ಓದಿನಿಂದ. ನೆರೆಯವರಿಗೆ ಬೆನ್ನು ಹಾಕಿದ್ದರಿಂದಲ್ಲ. ಮರಾಠಿ ನೆರೆಯವರೊಡನೆ ಹೆಜ್ಜೆ ಹಾಕಿದ ಯಜಮಾನರು ಮನೆಗೆ ಬಂದು ಮೊಮ್ಮಕ್ಕಳನ್ನು ಕನ್ನಡದಲ್ಲೇ ಊಟಕ್ಕೆ ಕರೆದರು.

ಪರವೂರಿನಲ್ಲಿ ನನಗೆ ಸಿಕ್ಕ ಆ ಹಿಡಿ ಅಕ್ಷತೆ ಒಂದು ಸಾಲ. ಅದನ್ನು ತೀರಿಸಬೇಕಾದದ್ದು ಹನ್ನೂರಿನಲ್ಲಲ್ಲ, ನಮ್ಮ ಜಗಲಿಯ ಕೆಳಗಿನ ದಾರಿಯಲ್ಲಿ.